ಕಾಯಿ ಮಾರಾಯ, ಫೇಸ್‌ಲಿಫ್ಟ್ ಬರ್ತಾ ಇದೆ!

ತುಂಬಾ ದಿನ ಆಯ್ತು ಇಲ್ಲಿ ಬರೆದು. ಆಫೀಸು, ಮನೆ, ಸೋಮಾರಿತನ ಅಂತ ಮಾಮೂಲಿ ಕಾರಣಗಳಿವೆ. ಅವನ್ನೆಲ್ಲ ನೀವೂ ನಿಮ್ಮ ನಿಮ್ಮ ಬ್ಲಾಗುಗಳಲ್ಲಿ ಬರೆದುಕೊಂಡಾಗಿದೆ, ಹಾಗಾಗಿ ಬಿಟ್ಟುಬಿಡೋಣ. ಇವತ್ತು ಕೂತು ಕೀಲಿಮಣೆ ಕುಟ್ಟೋದಕ್ಕೆ ಕಾರಣ ಅಣ್ಣನ ಮಗನ ಫೋನು.

"ಚಿಕ್ಕಪ್ಪ, ಮೈಸೂರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಟರ್ಬೋ ಹ್ಯಾಚ್‌ಬ್ಯಾಕ್ ನೋಡಿಟ್ಟಿದ್ದೀನಿ. ಕ್ಲಚ್ ಇರೋದು. ಆದ್ರೆ ಹೊಸದು ಬರುತ್ತಂತೆ, ಪವರ್ ಜಾಸ್ತಿ ಕೊಡ್ತಾರಂತೆ, ಮುಂದಿನ ವರ್ಷವೇ ಅಂತೆ. ಕಾಯ್ಲಾ?"

ಒಂದೇ ಉಸಿರಿಗೆ ಮೂರು 'ಅಂತೆ'. ನನ್ನ ಬಾಯಲ್ಲಿ "ಕಾಯಿ" ಅನ್ನೋ ಮಾತು ಬಂದು ನಾಲಿಗೆ ತುದೀಲಿ ನಿಂತಿತ್ತು. ನುಂಗಿಕೊಂಡೆ. ಯಾಕೆಂದರೆ ಇದೇ ಮಾತನ್ನು ಕೆಲವು ವರ್ಷದ ಹಿಂದೆ ಇನ್ನೊಬ್ಬನಿಗೆ ಹೇಳಿದ್ದೆ. ಅವನು ಕಾದ. ಕಾದು ಕಾದು ಕಾಯಿ ಹಣ್ಣಾಗಲೇ ಇಲ್ಲ, ಉದುರಿ ಹೋಯ್ತು.

ಆ ಕತೆ ಮೊದಲು ಹೇಳ್ತೀನಿ, ಜಗಳ ಆಮೇಲೆ.

ನನ್ನ ಗೆಳೆಯ ಒಬ್ಬ ತೀರ್ಥಹಳ್ಳಿ ಕಡೆಯವನು, ಈಗ ಇರೋದು ಅಮೆರಿಕದ ಮಿಷಿಗನ್ನಿನಲ್ಲಿ. ಅವನ ಹತ್ರ ಹಳೇ ಗಾಲ್ಫ್ ಜಿಟಿಐ ಇತ್ತು, ಆರು ಗೇರಿನ ಮ್ಯಾನ್ಯುಯಲ್. ಚಳಿಗಾಲದಲ್ಲಿ ಅಲ್ಲಿ ಹಿಮ ಕರಗಿಸೋಕೆ ರಸ್ತೆಗೆ ಉಪ್ಪು ಸುರೀತಾರೆ. ಆ ಉಪ್ಪು ಹತ್ತಾರು ವರ್ಷದಲ್ಲಿ ಯಾವ ಕಾರಿನ ತಳವನ್ನೂ ತಿಂದು ಹಾಕುತ್ತೆ. 2022ರ ಬೇಸಿಗೆಯಲ್ಲಿ ಫೋನ್ ಮಾಡಿ ಕೇಳಿದ. "ಹೊಸ ಎಂಟನೇ ತಲೆಮಾರಿನ ಜಿಟಿಐ ಬಂದಿದೆ. ಕ್ಲಚ್ ಇರೋದೇ ಸಿಗ್ತದೆ. ತಗೊಳ್ಲಾ? ಮಗಳಿಗೆ ಮುಂದಿನ ವರ್ಷ ಹದಿನಾರು. ಅವಳಿಗೆ ಗೇರು ಹಾಕೋದು ಕಲಿಸ್ಬೇಕು ಮಾರಾಯ, ಅವಳೂ ಕೇಳ್ತಾ ಇದ್ದಾಳೆ."

ಆಗ ನಾನು ಈ ವಿಷಯದ ಪಂಡಿತ ನೋಡಿ! ಮುಸುಕು ಹಾಕಿದ ಕಾರಿನ ಫೋಟೋ, ಕಂಪ್ಯೂಟರಿನಲ್ಲಿ ಬರೆದ ಬಣ್ಣದ ಚಿತ್ರ, 'ಬಲ್ಲ ಮೂಲಗಳ' ಮಾತು, ಎಲ್ಲ ಓದಿ ತಲೆಯಲ್ಲಿ ತುಂಬಿಕೊಂಡಿದ್ದೆ. ಹೇಳಿದೆ: "ಕಾಯಿ ಮಾರಾಯ, ಫೇಸ್‌ಲಿಫ್ಟ್ ಬರ್ತಾ ಇದೆ. ಈಗಿನದ್ರಲ್ಲಿ ಸ್ಟೇರಿಂಗ್ ಮೇಲಿನ ಬಟನ್ನೇ ಸರಿಯಿಲ್ಲ ಅಂತ ಎಲ್ಲಾರೂ ಬೈತಿದ್ದಾರೆ, ಅದನ್ನ ಸರಿ ಮಾಡ್ತಾರೆ. ಪವರ್ರೂ ಏರಿಸ್ತಾರೆ." ಅವನು ಕೇಳಿದ: "ಕ್ಲಚ್?" ನಾನು ನಕ್ಕೆ. "ಜಿಟಿಐನಿಂದ ಕ್ಲಚ್ ಯಾರಾದ್ರೂ ತೆಗೀತಾರೇನೋ?"

ತೆಗೆದರು.

ಫೋಕ್ಸ್‌ವ್ಯಾಗನ್ ಕಂಪನಿ ಆ ಫೇಸ್‌ಲಿಫ್ಟನ್ನು 2024ರ ಜನವರಿಯಲ್ಲಿ ಹೊರಗೆ ತೋರಿಸಿತು. ಯೂರೋಪಿನ ಜಿಟಿಐಗೆ 245 ಇದ್ದ ಪಿಎಸ್ 265 ಆಯ್ತು. ಮೂತಿಯ ಮೇಲಿನ ಲಾಂಛನಕ್ಕೆ ಲೈಟು ಬಂತು. ಒಳಗೆ 12.9 ಇಂಚಿನ ಪರದೆ ಬಂತು. ಮಾತಾಡಿದರೆ ಉತ್ತರ ಕೊಡೋ ಸಹಾಯಕಿಗೆ ಚಾಟ್‌ಜಿಪಿಟಿ ಜೋಡಿಸಿದರು. ಸ್ಟೇರಿಂಗ್ ಮೇಲೆ ಒತ್ತಿದರೆ ಒತ್ತಿದಂತೆ ಅನ್ನಿಸೋ ನಿಜವಾದ ಬಟನ್ನುಗಳು ವಾಪಸ್ ಬಂದವು. ಮ್ಯಾನ್ಯುಯಲ್ ಗೇರ್‌ಬಾಕ್ಸ್ ಮಾತ್ರ ಹೋಯ್ತು. ಇನ್ನು ಮುಂದೆ ಏಳು ಗೇರಿನ ಡಿಎಸ್‌ಜಿ ಒಂದೇ. ಅಂದರೆ ಕಾರಿನ ಜೊತೆ ಹರಟೆ ಹೊಡೀಬಹುದು, ಗೇರು ಹಾಕೋ ಹಾಗಿಲ್ಲ :-)

ಅಮೆರಿಕದವರಿಗೆ ಇನ್ನೂ ಮಜಾ. 2025ರ ಮಾಡೆಲ್ ಅಂತ ಅಲ್ಲಿಗೆ ಹೋದ ಜಿಟಿಐನಲ್ಲಿ ಪವರ್ ಏರಲೇ ಇಲ್ಲ, ಮೊದಲಿದ್ದ 241 ಹಾರ್ಸ್‌ಪವರ್ರೇ ಮುಂದುವರೀತು. (241 ಹಾರ್ಸ್‌ಪವರ್ ಅಂದ್ರೆ 245 ಪಿಎಸ್ಸೇ, ಅಳತೆ ಬೇರೆ ಅಷ್ಟೆ.) ಕ್ಲಚ್ ಹೋಯ್ತು, ಪವರ್ ಬರಲಿಲ್ಲ.

ನಾಚಿಕೆ ಬಿಟ್ಟು ಇನ್ನೊಂದು ಹೇಳಿಬಿಡ್ತೀನಿ. 2024ರ ಮಾಡೆಲ್ಲೇ ಮ್ಯಾನ್ಯುಯಲ್ ಜಿಟಿಐಗೆ ಕೊನೆ ಅಂತ ಕಂಪನಿ 2023ರಲ್ಲೇ ಹೇಳಿತ್ತು. '380' ಅಂತ ಹೆಸರಿಟ್ಟು ಅದಕ್ಕೊಂದು ಬೀಳ್ಕೊಡುಗೆ ಆವೃತ್ತಿಯನ್ನೂ ತಂದಿತ್ತು. ಆಗಲಾದರೂ ಅವನಿಗೆ "ಓಡು, ಈಗಲೇ ತಗೋ" ಅನ್ನಬೇಕಿತ್ತು. ನಾನು ಅಂದಿದ್ದೇನು? "ಅಮೆರಿಕದಲ್ಲಿ ಜಿಟಿಐ ಕೊಳ್ಳೋರಲ್ಲಿ ಅಷ್ಟು ಜನ ಕ್ಲಚ್ ಇರೋದನ್ನೇ ಕೇಳ್ತಾರೆ, ಮನಸ್ಸು ಬದಲಾಯಿಸ್ತಾರೆ ನೋಡ್ತಿರು." ಎಂಥಾ ಮಾತು! ಕಂಪನಿ ಬಾಯಿಬಿಟ್ಟು 'ಇಲ್ಲ' ಅಂದ ಮೇಲೂ ನನಗೆ ನನ್ನ ಊಹೆಯೇ ದೊಡ್ಡದಾಗಿ ಕಂಡಿತ್ತು. 2024ರ ಮಧ್ಯದಲ್ಲಿ ಅವನು ಕ್ಲಚ್ ಇರೋ ಜಿಟಿಐ ಹುಡುಕೋಕೆ ಹೊರಟಾಗ ಅವನ ಸುತ್ತಮುತ್ತ ಒಂದೂ ಉಳಿದಿರಲಿಲ್ಲ. ಹಳೇದು ಅಷ್ಟರಲ್ಲಿ ತುಕ್ಕು ಹಿಡಿದು ಗುಜರಿಗೆ ಹೋಗಿತ್ತು. ಮಗಳು ಅಮ್ಮನ ಆಟೋಮ್ಯಾಟಿಕ್ ಗಾಡೀಲಿ ಲೈಸೆನ್ಸ್ ತಗೊಂಡಿದ್ದಳು. 2025ರಲ್ಲಿ ಕಾಲೇಜಿಗೆ ಅಂತ ಬೇರೆ ಊರಿಗೆ ಹೋದಳು.

ಅವನು ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ. "ಎಂತ ಮಾಡೂದು, ನಿಂಗೂ ಗೊತ್ತಿರ್ಲಿಲ್ಲ" ಅಂದ. ಅದೇ ನನಗೆ ಚುಚ್ಚಿದ್ದು. ಗೊತ್ತಿರಲಿಲ್ಲ ಅನ್ನೋದು ನಿಜ. ಆದರೆ ಗೊತ್ತಿಲ್ಲ ಅಂತ ನಾನು ಹೇಳಿರಲಿಲ್ಲವಲ್ಲ.

ಈಗ ಜಗಳಕ್ಕೆ ಬರೋಣ. ಬಿಸಿ ಹ್ಯಾಚ್‌ಬ್ಯಾಕುಗಳ ಫೇಸ್‌ಲಿಫ್ಟ್ ಬಗ್ಗೆ ಊಹಾಪೋಹ ಮಾಡೋ ನಮ್ಮ ಈ ಚಟ ಇದೆಯಲ್ಲ, ಇದನ್ನು ನಾವು ಕಾರಿನ ಪ್ರೀತಿ ಅಂದುಕೊಂಡಿದ್ದೀವಿ. ಪ್ರೀತಿ ಅಲ್ಲ ಇದು. ಇದು ಬಿಟ್ಟಿ ಚಾಕರಿ, ಜೊತೆಗೆ ಕುರುಡು ಚಾಕರಿ.

ಮೊದಲು ಕುರುಡು ಅಂದಿದ್ದು ಯಾಕೆ ಅಂತ ನೋಡಿ. ಊಹೆಗೆ ಆಧಾರ ಏನು? ಫೋಟೋ. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಟ್ರ್ಯಾಕಿನ ಪಕ್ಕ, ಉತ್ತರ ಸ್ವೀಡನ್ನಿನ ಹಿಮದ ರಸ್ತೆಗಳ ಪಕ್ಕ ಉದ್ದ ಲೆನ್ಸ್ ಹಿಡಿದು ಕೂರೋ ಫೋಟೋಗ್ರಾಫರುಗಳಿದ್ದಾರೆ, ಅದೇ ಅವರ ಕಸುಬು. ಕಪ್ಪು ಬಿಳಿ ಸುರುಳಿ ಸುರುಳಿ ಸ್ಟಿಕರ್ ಅಂಟಿಸಿಕೊಂಡ ಕಾರು ಬರುತ್ತೆ, ಕ್ಲಿಕ್. ಆ ಫೋಟೋದಲ್ಲಿ ಏನು ಕಾಣುತ್ತೆ? ಬಂಪರ್ ಕಾಣುತ್ತೆ. ಹೆಡ್‌ಲೈಟ್ ಕಾಣುತ್ತೆ. ಸೈಲೆನ್ಸರ್ ತುದಿ ಎಷ್ಟು ದಪ್ಪ ಅಂತ ಕಾಣುತ್ತೆ. ಕಾರಿನ ಒಳಗೆ, ಎರಡು ಸೀಟಿನ ನಡುವೆ, ಡ್ರೈವರನ ಎಡಗಾಲಿನ ಕೆಳಗೆ ಏನಿದೆ ಅನ್ನೋದು ಯಾವ ಲೆನ್ಸಿಗೂ ಸುಲಭಕ್ಕೆ ಸಿಗಲ್ಲ. ಹಾಗಾಗಿ ನಮ್ಮ ಚರ್ಚೆಯೆಲ್ಲ ಬಂಪರಿನ ಸುತ್ತಲೇ. ಎರಡು ವರ್ಷ ಜಿಟಿಐನ ಮೂತಿಯ ಬಗ್ಗೆ ಪುರಾಣ ನಡೀತು. ಪೆಡಲ್ ಎರಡಾ ಮೂರಾ ಅನ್ನೋದನ್ನ 'ಇದ್ದೇ ಇರುತ್ತೆ ಬಿಡಿ' ಅಂತ ಪಕ್ಕಕ್ಕಿಟ್ಟಿದ್ವಿ.

ಹೋಗಲಿ, ಬಂಪರ್ ಬದಲಾಗುತ್ತೆ ಅಂತ ಹೇಳೋದು ಭವಿಷ್ಯವಾಣಿನಾ? ಏಳನೇ ತಲೆಮಾರಿನ ಗಾಲ್ಫ್ ಬಂದಿದ್ದು 2012ರಲ್ಲಿ, ಅದರ ಫೇಸ್‌ಲಿಫ್ಟ್ ತೋರಿಸಿದ್ದು 2016ರ ಕೊನೆಗೆ. ಎಂಟನೆಯದನ್ನು ತೋರಿಸಿದ್ದು 2019ರಲ್ಲಿ, ಫೇಸ್‌ಲಿಫ್ಟ್ 2024ರಲ್ಲಿ. ನಾಲ್ಕು ವರ್ಷಕ್ಕೊಮ್ಮೆ, ಒಂದಿಷ್ಟು ಆಚೆ ಈಚೆ. ಅಮಾವಾಸ್ಯೆ ಯಾವತ್ತು ಅಂತ ಹೇಳೋಕೆ ಜ್ಯೋತಿಷಿ ಯಾಕೆ, ಗೋಡೆ ಮೇಲಿನ ಕ್ಯಾಲೆಂಡರ್ ಸಾಕು. ಬಾಗಿಲು, ಚಾವಣಿಗಳ ತಗಡು ಒತ್ತೋ ಅಚ್ಚುಗಳು ಭಾರೀ ದುಬಾರಿ, ಅವನ್ನ ಅರ್ಧ ದಾರೀಲಿ ಯಾರೂ ಬದಲಾಯಿಸಲ್ಲ. ಪ್ಲಾಸ್ಟಿಕ್ ಬಂಪರ್, ಲೈಟು, ಪರದೆ, ಸಾಫ್ಟ್‌ವೇರ್ ಇವು ಬದಲಾಯಿಸೋಕೆ ಅಗ್ಗ. ಅದಕ್ಕೇ ಎಲ್ಲ ಕಂಪನಿಗಳ ಎಲ್ಲ ಫೇಸ್‌ಲಿಫ್ಟುಗಳೂ ಮದುವೆ ಮನೆಗೆ ಸುಣ್ಣ ಬಳಿದ ಹಾಗೆ ಇರೋದು. ಗೋಡೆ ಅದೇ, ಬಣ್ಣ ಬೇರೆ. ಇದನ್ನ ಊಹಿಸಿ 'ನಾನು ಹೇಳಿರಲಿಲ್ವಾ' ಅನ್ನೋರನ್ನ ಕಂಡರೆ ನನಗೆ ಈಗ ಮೈ ಉರಿಯುತ್ತೆ. (ನಾನೂ ಅವರಲ್ಲೊಬ್ಬ ಅಂತ ನೆನಪಾದಾಗ ಇನ್ನೂ ಜಾಸ್ತಿ.)

ಪವರಿನ ಊಹೆಯಂತೂ ಹರಾಜು ಕೂಗಿದ ಹಾಗೆ. ಒಬ್ಬ 260 ಅಂದರೆ ಇನ್ನೊಬ್ಬ 280, ಮತ್ತೊಬ್ಬ 300. ಕಮ್ಮಿ ಹೇಳಿದವನ ಮಾತು ಯಾರೂ ಕೇಳಲ್ಲ, ಜಾಸ್ತಿ ಹೇಳಿ ತಪ್ಪಿದವನನ್ನ ಆಮೇಲೆ ಯಾರೂ ಹಿಡಿದು ಕೇಳಲ್ಲ. ಹೀಗಿರುವಾಗ ಬೆಲೆ ಏರದೇ ಇರುತ್ತಾ?

ಇನ್ನು ಬಿಟ್ಟಿ ಚಾಕರಿ. ಕಾರು ಬರೋ ಮೊದಲ ಎರಡು ವರ್ಷ ಅದರ ಹೆಸರು ಜನರ ಬಾಯಲ್ಲಿರೋ ಹಾಗೆ ನೋಡಿಕೊಂಡಿದ್ದು ಯಾರು? ನಾವು. ಸಂಬಳ ಎಷ್ಟು? ಒಂದು ಟೀಸರ್ ಫೋಟೋ. ಕತ್ತಲಲ್ಲಿ ಒಂದು ಲೈಟಿನ ಗೆರೆ ಕಂಡರೆ ಸಾಕು, ನಾವು ಹನ್ನೆರಡು ಪ್ಯಾರಾ ಬರೀತೀವಿ.

ಈಗ ನಿಜವಾಗಿ ಬದಲಾದ ಒಂದು ವಿಷಯ ತಗೊಳ್ಳಿ. ಆ ಬಟನ್ನುಗಳು ಯಾಕೆ ವಾಪಸ್ ಬಂದವು? ನನ್ನ ಜಗಳದ ಹೂರಣ ಇರೋದು ಇಲ್ಲೇ.

ಎಂಟನೇ ಜಿಟಿಐನ ಸ್ಟೇರಿಂಗ್ ಮೇಲೆ ಬಟನ್ ಅನ್ನೋದೇ ಇರಲಿಲ್ಲ, ಮೊಬೈಲ್ ಪರದೆ ತರಹದ ನುಣುಪು ಪಟ್ಟಿ ಇತ್ತು. ಬೆರಳಿನ ಸ್ಪರ್ಶವನ್ನ ಗುರುತಿಸಿ ಕೆಲಸ ಮಾಡುತ್ತೆ. ಶೋರೂಮಿನಲ್ಲಿ ನೋಡೋಕೆ ಬಹಳ ಚೆಂದ. ಆದರೆ ಸ್ಟೇರಿಂಗನ್ನ ಜೋರಾಗಿ ತಿರುಗಿಸುವಾಗ ಅಂಗೈ ಆ ಪಟ್ಟಿಗೆ ತಾಗುತ್ತೆ. ಪಾಪ, ಅದಕ್ಕೇನು ಗೊತ್ತು ಇದು ಬೆರಳಾ ಅಂಗೈಯಾ ಅಂತ. ಹಾಡು ಬದಲಾಗುತ್ತೆ, ವಾಲ್ಯೂಮ್ ಏರುತ್ತೆ, ಸ್ಟೇರಿಂಗ್ ಬಿಸಿ ಮಾಡೋ ವ್ಯವಸ್ಥೆ ತಾನಾಗೇ ಶುರುವಾಗುತ್ತೆ. ತಿರುವಿನಲ್ಲಿ ಓಡಿಸೋಕೆ ಅಂತಲೇ ಮಾಡಿದ ಕಾರು, ತಿರುವಿನಲ್ಲೇ ಈ ಅವಸ್ಥೆ. ಪರದೆ ಕೆಳಗಿನ ಎಸಿ ಸ್ಲೈಡರಿಗೆ ಬೆಳಕೇ ಇರಲಿಲ್ಲ, ರಾತ್ರಿ ತಡಕಾಡಬೇಕು.

ಓಡಿಸಿದವರು ಇದನ್ನ ಹಿಡಿದುಕೊಂಡರು. ಪರೀಕ್ಷೆ ಮಾಡಿದ ಪತ್ರಕರ್ತರು ಬರೆದರು, ದುಡ್ಡು ಕೊಟ್ಟು ತಗೊಂಡವರು ಬರೆದರು, ಮತ್ತೆ ಮತ್ತೆ ಬರೆದರು. ಇಂಥಾ ತಿರುವಿನಲ್ಲಿ, ಇಂಥಾ ಕೈ ತಾಗಿ, ಇಂಥದ್ದು ಆಯ್ತು ಅಂತ. 2022ರ ಅಕ್ಟೋಬರಿನಲ್ಲಿ ಫೋಕ್ಸ್‌ವ್ಯಾಗನ್ ಕಾರು ವಿಭಾಗದ ಮುಖ್ಯಸ್ಥ ಥಾಮಸ್ ಶೆಫರ್ ತಾವೇ ಹೇಳಿದರು, ಒತ್ತೋ ಬಟನ್ನು ವಾಪಸ್ ಬರುತ್ತೆ, ಗ್ರಾಹಕರಿಗೆ ಬೇಕಿರೋದು ಅದೇ ಅಂತ. ಮುಂದಿನ ವರ್ಷ, ಆ ಸ್ಪರ್ಶ ಪಟ್ಟಿಗಳಿಂದ ಹೆಸರಿಗೆ ಧಕ್ಕೆ ಆಯ್ತು ಅನ್ನೋ ಅರ್ಥದ ಮಾತನ್ನೂ ಆಡಿದರು. ಫೇಸ್‌ಲಿಫ್ಟಿನಲ್ಲಿ ಬಟನ್ ಬಂತು, ಸ್ಲೈಡರಿಗೆ ಬೆಳಕು ಬಂತು.

ಅಷ್ಟು ದೊಡ್ಡ ಕಂಪನಿಯನ್ನ ಹಿಂದಕ್ಕೆ ಹೆಜ್ಜೆ ಇಡಿಸಿದ್ದು ಊಹೆ ಅಲ್ಲ ಮಾರಾಯ್ರೆ, ಗೊಣಗಾಟ! ಸ್ಪಷ್ಟವಾದ, ಹಟ ಹಿಡಿದ, ಓಡಿಸಿ ನೋಡಿದವರ ಗೊಣಗಾಟ.

ಊಹೆ ಮಾಡೋನು "ಅವರು ಏನು ಕೊಡ್ತಾರೆ?" ಅಂತ ಕೇಳ್ತಾನೆ, ದೇವಸ್ಥಾನದಲ್ಲಿ ಪ್ರಸಾದಕ್ಕೆ ಕೈ ಚಾಚಿದ ಹಾಗೆ. ಗೊಣಗೋನು "ಇದು ಸರಿಯಿಲ್ಲ, ಹೀಗೆ ಬೇಕು" ಅಂತಾನೆ. ಮ್ಯಾನ್ಯುಯಲ್ ಗೇರಿನ ವಿಷಯದಲ್ಲಿ ನಾವು ಗೊಣಗಬೇಕಾದ ಹೊತ್ತಲ್ಲಿ ಬಂಪರ್ ಊಹಿಸ್ತಾ ಕೂತಿದ್ವಿ.

"ಗೊಣಗಿದ್ದರೆ ಉಳೀತಿತ್ತಾ?" ಅಂತ ನೀವು ಕೇಳ್ತೀರಿ. ಗ್ಯಾರಂಟಿ ಕೊಡೋಕೆ ನಾನ್ಯಾರು. ಯೂರೋಪಿನಲ್ಲಿ ಕ್ಲಚ್ ಕೊಳ್ಳೋರು ಕಮ್ಮಿಯಾದರು, ಹೊಗೆ ನಿಯಮ ಬಿಗಿಯಾಗುತ್ತೆ, ಒಂದೊಂದು ಗೇರ್‌ಬಾಕ್ಸಿಗೂ ಬೇರೆ ಪರೀಕ್ಷೆ ಬೇರೆ ಖರ್ಚು, ಯೂರೋ 7 ಬರ್ತಾ ಇದೆ, ಹೀಗೆ ಕಾರಣಗಳು ಕೇಳಿಬಂದವು. ಸುಳ್ಳು ಅನ್ನಲ್ಲ. ಆದರೆ 2024ರಲ್ಲಿ ಯೂರೋ 7 ಅಂತಿಮವಾಗಿ ಒಪ್ಪಿಗೆಯಾದಾಗ ಕಾರುಗಳ ಹೊಗೆ ಕೊಳವೆಯ ಮಿತಿಗಳನ್ನ ಯೂರೋ 6ರ ಮಟ್ಟದಲ್ಲೇ ಬಿಟ್ಟಿದ್ದರು, ಹೊಸದಾಗಿ ಸೇರಿದ್ದು ಬ್ರೇಕು ಟೈರುಗಳ ಧೂಳಿನಂಥವು. ಅಷ್ಟರಲ್ಲಿ ಕ್ಲಚ್ ಪೆಡಲ್ ಕಳಚಿ ಆಗಿತ್ತು. ಇನ್ನೊಂದು ನೋಡಿ. ಅದೇ ಕಂಪನಿಯ ಜೆಟ್ಟಾ ಜಿಎಲ್‌ಐ, ಅದೇ ಎರಡು ಲೀಟರ್ ಟರ್ಬೋ ಎಂಜಿನ್ ವಂಶದ್ದು, ಅಮೆರಿಕದಲ್ಲಿ 2025ರ ಫೇಸ್‌ಲಿಫ್ಟ್ ಆದಮೇಲೂ ಆರು ಗೇರಿನ ಮ್ಯಾನ್ಯುಯಲ್ ಉಳಿಸಿಕೊಂಡಿತು. (ಗೆಳೆಯನಿಗೆ ಹೇಳಿದೆ. "ಡಿಕ್ಕಿ ಇರೋ ಕಾರು ನಂಗೆ ಬ್ಯಾಡ, ಸೈಕಲ್ ಎಲ್ಲಿ ಹಾಕೂದು?" ಅಂದ. ಹ್ಯಾಚ್‌ಬ್ಯಾಕ್ ಪ್ರಿಯರ ಕಷ್ಟ ಅವರಿಗೇ ಗೊತ್ತು.) ಟೊಯೋಟಾದವರು 2024ರಲ್ಲಿ ಜಿಆರ್ ಯಾರಿಸ್ ಸುಧಾರಿಸಿದಾಗ ಎಂಟು ಗೇರಿನ ಆಟೋಮ್ಯಾಟಿಕ್ ಸೇರಿಸಿದರು, ಮ್ಯಾನ್ಯುಯಲ್ ತೆಗೀಲಿಲ್ಲ. ಜಿಆರ್ ಕೊರೊಲ್ಲಾಗೂ ಆಮೇಲೆ ಅದೇ ರೀತಿ ಮಾಡಿದರು. ಅಂದರೆ ದಾರಿ ಇತ್ತು. ಬೇಕು ಅನ್ನೋರ ದನಿ ಸಾಲಲಿಲ್ಲ, ಅಥವಾ ಆ ದನಿಯೆಲ್ಲ ಬೇರೆ ಕಡೆ ಖರ್ಚಾಯ್ತು.

ನಮ್ಮ ದೇಶದ್ದೇ ಉದಾಹರಣೆ ಬೇಕಾ? ಹ್ಯುಂಡೈ ಐ20 ಎನ್ ಲೈನ್ ಇಲ್ಲಿಗೆ ಬಂದಿದ್ದು 2021ರ ಸೆಪ್ಟೆಂಬರಿನಲ್ಲಿ. ಆಗ ಅದರಲ್ಲಿ ಐಎಂಟಿ ಇತ್ತು. ಗೇರು ನೀವೇ ಹಾಕಬೇಕು, ಕ್ಲಚ್ ಪೆಡಲ್ ಇಲ್ಲ. ಅತ್ತ ಅದೂ ಅಲ್ಲ ಇತ್ತ ಇದೂ ಅಲ್ಲ. ಗೇರು ಹಾಕೋದರಲ್ಲಿ ರುಚಿ ಇದ್ದವರು 'ಇದೇನ್ರೀ ಇದು' ಅಂತ ಗೊಣಗಿದರು. 2023ರ ಸೆಪ್ಟೆಂಬರಿನ ಫೇಸ್‌ಲಿಫ್ಟಿನಲ್ಲಿ ಐಎಂಟಿ ಹೋಗಿ ಮೂರು ಪೆಡಲಿನ ಆರು ಗೇರು ಬಂತು. ಜಿಟಿಐಗೆ ಆದದ್ದಕ್ಕೆ ಸರೀ ಉಲ್ಟಾ. 120 ಪಿಎಸ್ ಕಾರು, ಜಿಟಿಐ ಮುಂದೆ ಮಗು. ಆದರೂ ಎಡಗಾಲಿಗೆ ಕೆಲಸ ಸಿಕ್ಕಿತು.

ಡಿಎಸ್‌ಜಿ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಆ ಜಗಳ ತೆಗೀಬೇಡಿ. ಎರಡು ಕ್ಲಚ್ ಇಟ್ಟುಕೊಂಡು, ಒಂದು ಗೇರು ಎಳೀತಿರುವಾಗಲೇ ಮುಂದಿನದನ್ನ ಸಿದ್ಧ ಮಾಡಿಟ್ಟುಕೊಳ್ಳೋ ಅದ್ಭುತ ಯಂತ್ರ ಅದು. ನನಗಿಂತ ನಿಮಗಿಂತ ಬೇಗ ಗೇರು ಹಾಕುತ್ತೆ. ಇದೇ ಫೇಸ್‌ಲಿಫ್ಟಿನ ಕಾರನ್ನ ಇನ್ನೂ ಹುರಿಗೊಳಿಸಿ 325 ಪಿಎಸ್ ಕೊಟ್ಟು ಮಾಡಿದ 'ಎಡಿಷನ್ 50' 2025ರಲ್ಲಿ ನ್ಯೂರ್ಬರ್ಗ್‌ರಿಂಗನ್ನ 7 ನಿಮಿಷ 46.13 ಸೆಕೆಂಡಿನಲ್ಲಿ ಸುತ್ತಿ ಬಂತು, ಅದೂ ಡಿಎಸ್‌ಜಿಯಲ್ಲೇ. ಗಡಿಯಾರವೇ ದೇವರು ಅನ್ನೋರಿಗೆ ಅದು ಸಾಕು. ನನ್ನ ಗೆಳೆಯ ಮಗಳಿಗೆ ಕಲಿಸಬೇಕು ಅಂದಿದ್ದು ಗಡಿಯಾರದ ವಿಷಯ ಅಲ್ಲ.

ಜಿಟಿಐನ ಹುಟ್ಟಿನ ಕತೆ ಗೊತ್ತಿದ್ದರೆ ಈ ಊಹಾಪೋಹ ಇನ್ನೂ ಹಾಸ್ಯಾಸ್ಪದ ಅನ್ನಿಸುತ್ತೆ. 1973ರಲ್ಲಿ ಆಲ್ಫಾನ್ಸ್ ಲೋವೆನ್‌ಬರ್ಗ್ ಅನ್ನೋ ಟೆಸ್ಟ್ ಎಂಜಿನಿಯರ್, ನಾವೊಂದು ಚುರುಕಾದ ಕಾರು ಮಾಡಬೇಕು ಅಂತ ಕಂಪನಿಯೊಳಗೇ ಸಹೋದ್ಯೋಗಿಗಳಿಗೆ ಬರೆದ. ಕೆಲವೇ ಜನ ಸೇರಿಕೊಂಡರು. ಮೇಲಿನವರ ಆದೇಶ ಇಲ್ಲದೇ, ಹೆಚ್ಚುಕಮ್ಮಿ ಗುಟ್ಟಾಗಿ ಕೆಲಸ ಮಾಡಿದರು. 1975ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಇಟ್ಟರು, 1976ರಲ್ಲಿ ಮಾರಿದರು. 1.6 ಲೀಟರ್, 110 ಪಿಎಸ್, ತೂಕ ಎಂಟುನೂರು ಕೆಜಿ ಚಿಲ್ಲರೆ. 5,000 ಕಾರು ಮಾಡಿದರೆ ಸಾಕು ಅನ್ನೋದು ಲೆಕ್ಕ. ಮೊದಲ ತಲೆಮಾರೇ ನಾಲ್ಕು ಲಕ್ಷ ದಾಟಿ ಮಾರಾಟ ಆಯ್ತು. ಸೀಟಿಗೆ ಚೌಕಳಿ ಬಟ್ಟೆ, ಗೇರಿನ ತಲೆಗೆ ಗಾಲ್ಫ್ ಚೆಂಡು, ಎರಡೂ ಗುನ್‌ಹಿಲ್ಡ್ ಲಿಲ್ಯೆಕ್ವಿಸ್ಟ್ ಅನ್ನೋ ಮಹಿಳಾ ವಿನ್ಯಾಸಕಿಯ ಯೋಚನೆ. ಆ ಚೆಂಡನ್ನ ಅಂಗೈಯಲ್ಲಿ ಹಿಡಿದು ಗೇರು ಹಾಕೋದೇ ಜಿಟಿಐ ಅಂತ ಒಂದು ಪೀಳಿಗೆ ನಂಬಿತ್ತು. ಲೋವೆನ್‌ಬರ್ಗ್ 'ಕಂಪನಿ ಮುಂದೇನು ತರಬಹುದು' ಅಂತ ಊಹಿಸ್ತಾ ಕೂರಲಿಲ್ಲ. ಈಗಿರೋದು ಸಾಲದು ಅಂದ. ಅವನೂ ಗೊಣಗಿದವನೇ.

ಈಗ ನಮ್ಮ ಮನೆ ಅಂಗಳಕ್ಕೆ ಬರೋಣ. 2025ರ ಮೇ ತಿಂಗಳಲ್ಲಿ ಇದೇ ಫೇಸ್‌ಲಿಫ್ಟ್ ಆದ ಜಿಟಿಐ ಭಾರತಕ್ಕೂ ಬಂತು. ಪೂರ್ತಿ ಆಮದು, ಮೊದಲ ಕಂತಿಗೆ 150 ಕಾರು, ಎಕ್ಸ್ ಶೋರೂಮ್ 53 ಲಕ್ಷ ರೂಪಾಯಿ. ಬುಕ್ ಮಾಡೋಕೆ ಮೊದಲು ಜಿಟಿಐ ಬಗ್ಗೆ ಪ್ರಶ್ನೆಪತ್ರಿಕೆಗೆ ಉತ್ತರ ಬರೀಬೇಕಿತ್ತು! ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಪರೀಕ್ಷೆ ಬಿಟ್ಟೆ ಅಂದುಕೊಂಡಿದ್ದವರಿಗೆ ಮತ್ತೆ ಪರೀಕ್ಷೆ. ತಗೊಂಡವರ ಮೇಲೆ ನನಗೆ ಹೊಟ್ಟೆಕಿಚ್ಚು ಇಲ್ಲ (ಇದೆ, ಸ್ವಲ್ಪ). ಆದರೆ ಆ 150 ಕಾರಿಗೆ ಅದೆಷ್ಟು ಸಾವಿರ ಜನ ಎಷ್ಟು ತಿಂಗಳು ಊಹೆ ಮಾಡಿದ್ವಿ!

ಮತ್ತೆ, ನಮ್ಮ ಕೈಗೆ ಎಟುಕೋ ಹಾಗೆ ಬಂದಾಗ ನಾವೇನು ಮಾಡಿದ್ವಿ? 2015ರಲ್ಲಿ ಅಬಾರ್ತ್ ಪುಂಟೋ ಬಂತು, 145 ಹಾರ್ಸ್‌ಪವರ್, ಹತ್ತು ಲಕ್ಷದ ಒಳಗೆ, ಕ್ಲಚ್ ಸಮೇತ. 2017ರಲ್ಲಿ ಬಲೆನೊ ಆರ್‌ಎಸ್ ಬಂತು. 2016ರ ನವೆಂಬರಿನಲ್ಲಿ 192 ಪಿಎಸ್ಸಿನ ಪೋಲೋ ಜಿಟಿಐ ಬಂತು, ಮೂರು ಬಾಗಿಲು, 99 ಕಾರು, 25.99 ಲಕ್ಷ. 'ಪೋಲೋಗೆ ಇಪ್ಪತ್ತಾರು ಲಕ್ಷನಾ' ಅಂತ ನಕ್ಕೆವು. 99 ಕಾರನ್ನ ಮಾರೋಕೆ ಆಮೇಲೆ ಬೆಲೆಯನ್ನ 19.99 ಲಕ್ಷಕ್ಕೆ ಇಳಿಸಬೇಕಾಯ್ತು. ಇವು ಯಾವುವೂ ಉಳೀಲಿಲ್ಲ. ಪೋಲೋ ಅನ್ನೋ ಕಾರೇ 2022ರಲ್ಲಿ ಇಲ್ಲಿ ನಿಂತುಹೋಯ್ತು. ನಾವಾಗ ಮೈಲೇಜ್ ಲೆಕ್ಕ ಹಾಕಿ ಡೀಸೆಲ್ ತಗೊಂಡು, ರಾತ್ರಿ ಕೂತು ಮುಂದಿನ ಜಿಟಿಐ ಊಹಿಸ್ತಾ ಇದ್ವಿ. ನಾನು ತಗೊಂಡಿದ್ದೂ ಡೀಸೆಲ್ಲೇ.

"ಅಯ್ಯೋ, ಸುಮ್ನೆ ಖುಷಿಗೆ ಮಾಡೋದು, ಅದರಲ್ಲೇನು ತಪ್ಪು?" ಅನ್ನೋರಿದ್ದೀರಿ. ಕ್ರಿಕೆಟ್ ಟೀಮು ಊಹಿಸಲ್ವಾ, ಹಾಗೇ ಇದೂ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಟೀಮ್ ಊಹಿಸಿ ತಪ್ಪಿದರೆ ಯಾರ ಮನೆಯಲ್ಲೂ ಏನೂ ಆಗಲ್ಲ. ಕಾರಿನ ಊಹೆ ನಂಬಿ ಒಬ್ಬ ಮನುಷ್ಯ ತನ್ನ ಉಳಿತಾಯವನ್ನ, ತನ್ನ ಸಮಯವನ್ನ ತಡೆದಿಟ್ಟುಕೊಳ್ತಾನೆ. 'ಅಂತೆ' ಅನ್ನೋ ಪ್ರತ್ಯಯ ಕನ್ನಡದಲ್ಲಿ ಎಷ್ಟು ಜಾಣ ಪ್ರತ್ಯಯ ನೋಡಿ, ಹೇಳಿದವನಿಗೆ ಜವಾಬ್ದಾರಿಯೇ ಇಲ್ಲ. ನಾನು ಗೆಳೆಯನಿಗೆ ಹೇಳುವಾಗ ಆ 'ಅಂತೆ'ಯನ್ನೂ ನುಂಗಿ 'ಬರ್ತಾ ಇದೆ' ಅಂದಿದ್ದೆ. ಅದು ನನ್ನ ತಪ್ಪು.

ಬ್ಲಾಗಿಗ ಮಿತ್ರರ ಹತ್ರ ಒಂದು ಮಾತು. ಕನ್ನಡದಲ್ಲಿ ಕಾರಿನ ಬಗ್ಗೆ ಬರೆಯೋದೇ ಕಮ್ಮಿ, ಬರೆಯೋದರಲ್ಲಿ ಮುಕ್ಕಾಲು ಪಾಲು ಕಂಪನಿಯ ಪ್ರಕಟಣೆಯ ಅನುವಾದ. 'ಆಕರ್ಷಕ ವಿನ್ಯಾಸ, ಅತ್ಯಾಧುನಿಕ ತಂತ್ರಜ್ಞಾನ, ಗ್ರಾಹಕರ ಮನಗೆಲ್ಲಲಿದೆ'. ಅದರ ಮೇಲೆ ಈಗ ಊಹಾಪೋಹದ ಅನುವಾದ ಬೇರೆ. ಯಾಕೆ ಸ್ವಾಮಿ? ನಮ್ಮ ಡ್ರೈವರುಗಳ ಬಾಯಲ್ಲಿ ಎಂಥಾ ಕನ್ನಡ ಇದೆ ಗೊತ್ತಾ?

ಚಿಕ್ಕಂದಿನಲ್ಲಿ ನಮ್ಮೂರ ಟ್ಯಾಕ್ಸಿ ಡ್ರೈವರ್ ಒಬ್ಬರ ಪಕ್ಕ ಕೂತು ಆಗುಂಬೆ ಘಾಟಿ ಇಳಿದಿದ್ದೆ, ಹತ್ತಿದ್ದೆ. ಹದಿನಾಲ್ಕು ಹೇರ್‌ಪಿನ್ ತಿರುವು. ಅವರು ದಾರಿಯುದ್ದಕ್ಕೂ ಗಾಡಿ ಬಗ್ಗೆ ಗೊಣಗುತ್ತಲೇ ಇರ್ತಿದ್ದರು. "ಸೆಕೆಂಡಲ್ಲಿ ಎಳೀತದೆ, ಥರ್ಡಿಗೆ ಹಾಕಿದ್ರೆ ಉಸಿರು ಬಿಡ್ತದೆ." "ಕ್ಲಚ್ಚು ಮೇಲೆ ಹಿಡೀತದೆ." "ಸ್ಟೇರಿಂಗು ಎಡಕ್ಕೆ ಎಳೀತಾ ಉಂಟು." "ಬ್ರೇಕು ಹಿಡಿಯೂದು ಹಿಡೀತದೆ, ಆದ್ರೆ ಕಾಲಿಗೆ ಹೇಳೂದಿಲ್ಲ." ಕೊನೇದನ್ನ ಕೇಳಿ ನೋಡಿ, ಕಾಲಿಗೆ ಹೇಳೂದಿಲ್ಲ! ಇಂಗ್ಲಿಷಿನ ದೊಡ್ಡ ದೊಡ್ಡ ಪತ್ರಿಕೆಗಳವರು ಬ್ರೇಕಿನ ಬಗ್ಗೆ ಒಂದು ಪ್ಯಾರಾದಲ್ಲಿ ಹೇಳೋದನ್ನ ಆ ಮನುಷ್ಯ ಎರಡು ಪದದಲ್ಲಿ ಹೇಳ್ತಿದ್ದರು. ಅವರಿಗೆ ಮುಂದಿನ ವರ್ಷದ ಗಾಡಿ ಹೇಗಿರುತ್ತೆ ಅನ್ನೋ ಚಿಂತೆ ಇರಲಿಲ್ಲ. ಇವತ್ತಿನ ಗಾಡಿ ಹನ್ನೊಂದನೇ ತಿರುವಿನಲ್ಲಿ ಏನು ಮಾಡುತ್ತೆ ಅನ್ನೋದು ಗೊತ್ತಿತ್ತು.

ಆ ಕನ್ನಡದಲ್ಲಿ ಬರೀರಿ. ನಿಮ್ಮ ಹತ್ರ ಇರೋದು ಹದಿನೈದು ವರ್ಷದ ಸಣ್ಣ ಕಾರಾದರೂ ಪರವಾಗಿಲ್ಲ. ಎಲ್ಲಿ ಎಳೆಯಲ್ಲ, ಯಾವ ಬಟನ್ ಕತ್ತಲಲ್ಲಿ ಸಿಗಲ್ಲ, ಯಾವ ಗೇರಿಗೆ ಕೈ ಎಟುಕಲ್ಲ, ಅದನ್ನ ಬರೀರಿ. ನಾನು ಓದ್ತೀನಿ. ಮುಸುಕಿನ ಕಾರಿನ ಫೋಟೋ ಹಾಕಿ 'ನೋಡಿ ಹೇಗಿದೆ' ಅಂದರೆ ಇನ್ನು ಮುಂದೆ ಓದಲ್ಲ. ಬೇಜಾರಾದರೆ ಬೈದುಕೊಳ್ಳಿ.

ಅಂದ ಹಾಗೆ ಅಣ್ಣನ ಮಗನಿಗೆ ಏನು ಹೇಳಿದೆ ಅಂತ ಕೇಳ್ತೀರಾ? "ಹೊಸದು ಬರುತ್ತೋ ಇಲ್ವೋ ನಂಗೊತ್ತಿಲ್ಲ. ಭಾನುವಾರ ಮೈಸೂರಿಗೆ ಹೋಗು. ಒಂದು ಗಂಟೆ ಓಡ್ಸು. ಬಂದು ನಂಗೆ ಅದರ ಐದು ತಪ್ಪು ಹೇಳು" ಅಂದೆ. ಹೋಗಿದ್ದ. ಸಂಜೆ ಫೋನ್ ಮಾಡಿದ, ದನಿಯಲ್ಲೇ ಗೊತ್ತಾಗ್ತಿತ್ತು ಹುಡುಗ ಸೋತಿದ್ದಾನೆ ಅಂತ.

"ಚಿಕ್ಕಪ್ಪ, ಐದು ಸಿಗ್ಲಿಲ್ಲ, ಮೂರು ಸಿಕ್ತು. ಮೊದಲ್ನೇದು, ಸೆಕೆಂಡಿಂದ ಥರ್ಡಿಗೆ ಹಾಕುವಾಗ ಮೊಣಕೈ ಹಿಂದಿನ ಆರ್ಮ್‌ರೆಸ್ಟಿಗೆ ಬಡಿಯುತ್ತೆ..."

ತಡಿ, ಬರ್ಕೋತೀನಿ ಅಂದೆ.